ಬಿರುಕು ಎನ್ನಲಾಗದವರು

ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ‘ನಮ್ಮ ಬಿರುಕು’ ಜಾಲತಾಣ ಅಳಿಸಿಹೋಯಿತು. ಹುಬ್ಬಳ್ಳಿಯ ಒಂದೇ ಬಡಾವಣೆಯ ಅರವತ್ತೆರಡು ಮನೆಯವರು ತಮ್ಮ ಬಿಲ್ಡರ್ ವಿರುದ್ಧ ಅದರಲ್ಲಿ ದೂರು ಬರೆದಿದ್ದರು.

ಅದನ್ನು ನಡೆಸುತ್ತಿದ್ದ ಹಾಲಗೇರಿ ಮಾಸ್ತರರ ಮನೆಗೆ, ದೂರು ಬರೆದವರಲ್ಲೊಬ್ಬಳಾದ ಶಾರದಾ ಕಮ್ಮಾರ ಓಡಿದಳು. ಅಲ್ಲಿ ಗೋಡೆಯ ಹೊಸ ಗಿಲಾವು ಇನ್ನೂ ಹಸಿಯಾಗಿತ್ತು.

“ಮಾಸ್ತರ, ನಮ್ಮವ್ವ ಮಲಗೋ ಕೋಣಿ ಗ್ವಾಡಿಗೆ ಏನಾಗೇತಿ? ಒಮ್ಮೆ ಹೇಳ್ರಿ.”

ಮಾಸ್ತರರು ಬಾಯಿ ತೆರೆದು ತಡವರಿಸಿದರು. “ಒಂದು... ಗೆರಿ.”

“ಗೆರಿ ಅನ್ನಾಕ ಅದೇನು ರಂಗೋಲಿಯೇನ್ರಿ? ಅದರಾಗ ಕೈ ತೂರತೈತಿ!”

ಜಾಲತಾಣ ಮುಚ್ಚುವ ರಾಜಿಪತ್ರಕ್ಕೆ ಸಹಿ ಹಾಕಿದವರ ಬಾಯಿಂದ ಬಿರುಕು ಎಂಬ ಪದವನ್ನು ಬಿಲ್ಡರ್ ಕಡೆಯ ನರ್ಸ್ ತೆಗೆದುಕೊಂಡು ಹೋಗುತ್ತಾಳೆ. ನೋವಾಗುವುದಿಲ್ಲ. ಮರುದಿನ ಅವರ ಗೋಡೆಯೊಂದು ರಿಪೇರಿಯಾಗುತ್ತದೆ.

“ಅರವತ್ತೆರಡು ಮನಿ ನಿಮ್ಮನ್ನ ನಂಬಿದ್ವು,” ಎಂದಳು ಶಾರದಾ.

ಮಾಸ್ತರರು ತಲೆ ಎತ್ತಲಿಲ್ಲ. “ಹೊಸಾದೊಂದು ನೀ ತೆರಿಯವ್ವ. ನಿನ್ನ ಮನಿಗೂ ಗಿಲಾವಿನವರು ಬರ್ತಾರ.”

ಮಧ್ಯಾಹ್ನವೇ ಶಾರದಾ ಹೊಸ ಜಾಲತಾಣ ತೆರೆದಳು. ಐವತ್ತೊಂಬತ್ತು ಮನೆಯವರು ಅವಳನ್ನು ನಂಬಿ ಮತ್ತೆ ಬರೆದರು. ಗುರುವಾರ ನರ್ಸ್ ಬಂದಳು. ಶುಕ್ರವಾರ ಗಿಲಾವಿನವರಿಗೆ ಅವ್ವನ ಕೋಣೆ ತೋರಿಸುತ್ತ ಶಾರದಾ, “ಇಲ್ಲೈತಿ ನೋಡ್ರಿ ಗೆರಿ,” ಎಂದಳು.