ನೀಲವ್ವ, ಬಾಳಪ್ಪ ಮತ್ತು ಉಳಿದವರು

ಉತ್ತರದ ಹಿಮದ ಇಳಿಜಾರಿನಲ್ಲಿ ಮೊಣಕಾಲೆತ್ತರದ ವಿಲ್ಲೋ ಪೊದೆಗಳನ್ನು ಕಾಯಲು ಇದ್ದವನು ಆ ಕಾವಲುಗಾರನೊಬ್ಬನೇ. ಹಾಗಾಗಿ ಒಂದೊಂದು ಪೊದೆಗೂ ತನ್ನೂರಿನವರ ಹೆಸರಿಟ್ಟಿದ್ದ. ಹಿಮ ಕರಗಿದ ಮೇಲೆ ಬಂದ ಸಸ್ಯವಿಜ್ಞಾನಿ ಅವನ ಸೀಮೆಯವಳೇ.

“ಒಬ್ಬರಽ ಇರತೀರಿ, ಬ್ಯಾಸರ ಆಗೂದಿಲ್ಲೇನ್ರಿ ಕಾಕಾ?”

“ನಾ ಒಬ್ಬಂವ ಎಲ್ಲಿ ಅದೀನಿ ಯವ್ವಾ? ಇಕಿ ನೀಲವ್ವ, ಅಂವ ಬಾಳಪ್ಪ. ಊರಿಗೆ ಊರಽ ಐತಿ.”

ಅವಳು ಹೇಳಿದಳು: “ಇಲ್ಲಿಂದ ಕಳಿಸಿದ ಎಲಿ ಲ್ಯಾಬಿನಾಗ ನೋಡೀವ್ರಿ. ಇವೆಲ್ಲಾ ಒಂದಽ ಗಿಡ. ನೆಲದಾಗ ಒಂದಽ ಬೇರು ಹಬ್ಬೇತಿ. ಈ ಜಾತ್ಯಾಗ ಉಳಿದದ್ದು ಇದೊಂದಽ. ಇನ್ನ ಮ್ಯಾಲ ಇದನ್ನ ಅಳಿವಿನಂಚಿನ ಗಿಡ ಅಂತ ಬರಿತೀವಿ.”



ಮರುದಿನ ಬೆಳಿಗ್ಗೆ ಎಂದಿನಂತೆ ಪೊದೆಗಳ ನಡುವೆ ನಡೆಯುತ್ತ, ನೀಲವ್ವ, ಬಾಳಪ್ಪ ಎನ್ನದೆ ಒಂದೊಂದನ್ನೂ ತನ್ನ ಸ್ವಂತ ಹೆಸರು ಹಿಡಿದೇ ಮಾತಾಡಿಸಿದ.