ಬೆಳಗಿನ ರೈಲಿನವರು

ಬಾಯಿ ತೆರೆಯಬೇಡ, ಫೋಟೋದಲ್ಲಿ ಸುಮ್ಮನೆ ನಿಂತರೆ ಸಾಕು ಎಂದು ಚಂದ್ರಮೋಹನ ದಿಲ್ಲಿಯ ದ್ವಾರಕಾದಲ್ಲಿ ಮೆಟ್ರೋ ಹತ್ತಿದಾಗಿನಿಂದ ಹೆಂಡತಿಗೆ ಹೇಳುತ್ತಲೇ ಬಂದಿದ್ದ. ಕೊರೋನಾ ಕಾಲದಲ್ಲಿ ನಿಂತುಹೋದ ಅರಸೀಕೆರೆ ಕಡೆಯ ನೇರ ರೈಲನ್ನು ಮತ್ತೆ ಓಡಿಸಿ ಎಂದು ಕೇಳಲು ಕನ್ನಡ ಸಂಘದವರು ಇವತ್ತು ರೈಲ್ವೆಯ ದೊಡ್ಡ ಅಧಿಕಾರಿಯನ್ನು ಕಾಣುವವರಿದ್ದರು. ನಿಯೋಗವೆಂದ ಮೇಲೆ ಒಬ್ಬ ಹೆಂಗಸಾದರೂ ಇರಬೇಡವೇ ಎಂದು ಅಧ್ಯಕ್ಷ ಬಸವಲಿಂಗಪ್ಪನವರಿಗೆ ಕೊನೇ ಗಳಿಗೆಯಲ್ಲಿ ಹೊಳೆದಿತ್ತು. ಹಾಗಾಗಿ ದೇವಕಿ ರೇಷ್ಮೆ ಸೀರೆ ಉಟ್ಟು ಹೊರಟಿದ್ದಳು.

ಬಾಯಿ ತೆರೆಯುವ ಆಸೆ ಅವಳಿಗೂ ಇರಲಿಲ್ಲ. ತೆರೆದರೆ, ದಮ್ಮಯ್ಯ, ನಿಂತ ರೈಲು ನಿಂತೇ ಇರಲಿ ಎಂದುಬಿಡುತ್ತಿದ್ದಳು. ಗಂಡ ಸರ್ಕಾರಿ ಕೆಲಸದಲ್ಲಿದ್ದಷ್ಟು ಕಾಲವೂ ಆ ರೈಲು ಬಂದ ಬೆಳಿಗ್ಗೆ ಮನೆಯ ಬೆಲ್ಲು ಬಡಿದುಕೊಂಡಿತೆಂದೇ ಅರ್ಥ. ದಿಲ್ಲಿಗೆ ಹೊರಟವರಿಗೆಲ್ಲ ಊರಿನಲ್ಲಿ ಯಾರೋ ಒಬ್ಬರು ಚಂದ್ರಮೋಹನನ ವಿಳಾಸ ಕೊಟ್ಟಿರುತ್ತಿದ್ದರು. ಸಂದರ್ಶನಕ್ಕೆ ಬಂದವರು, ಆಸ್ಪತ್ರೆಗೆ ಬಂದವರು, ತಾಜಮಹಲು ನೋಡಲು ಬಂದವರು. ಒಂದು ಡಬ್ಬ ಚಟ್ನಿಪುಡಿ ಕೈಗಿಟ್ಟು ವಾರಗಟ್ಟಲೆ ಉಳಿಯುವರು. ನಮ್ಮೂರಿನವರಲ್ಲವೇ ಎಂದು ಗಂಡ ಆಫೀಸಿಗೆ ನಡೆದುಬಿಡುವನು. ಒಲೆ ಮುಂದೆ ಬೇಯುವವಳು ಇವಳು.

ರೈಲು ನಿಂತ ಮೇಲೆ ಜನರೂ ನಿಂತರು. ದೇವಕಿ ಮಧ್ಯಾಹ್ನ ಮಲಗುವ ಸುಖ ಕಲಿತಳು. ಅಟ್ಟದಲ್ಲಿ ತುಂಬಿದ್ದ ಹಾಸಿಗೆಗಳನ್ನು ಒಯ್ಯಲು ನಾಳೆ ಹಳೇ ಸಾಮಾನು ಕೊಳ್ಳುವ ಕಬಾಡಿ ಭಯ್ಯಾ ಬರುವುದೂ ನಿಗದಿಯಾಗಿತ್ತು. ಅಷ್ಟರಲ್ಲಿ ಇದೊಂದು ಚಳವಳಿ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗಾಯಿತು. ಅದೂ ಗವಾಕ್ಷಿ ತೆರೆಯಲು ಹೊರಟವನು ಸ್ವಂತ ಗಂಡ.

ಅಧಿಕಾರಿ ಒಳ್ಳೆಯವನೇ, ಎಲ್ಲರಿಗೂ ಚಹಾ ತರಿಸಿದ. ಬಸವಲಿಂಗಪ್ಪನವರು ಹಿಂದಿಯಲ್ಲಿ ಉತ್ತರ, ದಕ್ಷಿಣ, ಸಂಸ್ಕೃತಿ, ಸೇತುವೆ ಎಂದು ಚಹಾ ಆರುವವರೆಗೂ ಮಾತಾಡಿದರು. ಅಧಿಕಾರಿ ಮೊಬೈಲು ನೋಡುತ್ತ ತಲೆಯಾಡಿಸಿದ. ಈಗ ಎಲ್ಲರೂ ವಿಮಾನ ಹತ್ತುತ್ತಾರೆ, ಉಳಿದವರು ಬೆಂಗಳೂರಿನಲ್ಲಿ ರೈಲು ಬದಲಿಸುತ್ತಾರೆ, ನಿಮ್ಮ ಈ ರೈಲಿನಲ್ಲಿ ಬರುವವರು ಯಾರಿದ್ದಾರೆ ಎಂದ. ನೀವು ಕಳೆದ ಸಲ ಊರಿಗೆ ಹೇಗೆ ಹೋದಿರಿ ಎಂದು ಚಂದ್ರಮೋಹನನನ್ನೇ ಕೇಳಿದ. ವಿಮಾನದಲ್ಲಿ ಹೋಗಿದ್ದ ಚಂದ್ರಮೋಹನ ಚಹಾದ ಕಪ್ಪು ಎತ್ತಿಕೊಂಡ. ಮರ್ಯಾದೆಗೆಂಬಂತೆ ಅಧಿಕಾರಿ ದೇವಕಿಯ ಕಡೆ ತಿರುಗಿದ.

"ನೀವು ಹೇಳಿ ಭಾಭೀಜಿ, ಯಾರು ಬರ್ತಾರೆ?"

"ಯಾರು ಬರಲ್ಲ ಅಂತ ಕೇಳಿ," ಎಂದಳು ದೇವಕಿ.

ಅಷ್ಟೇ, ಕಟ್ಟೆ ಒಡೆಯಿತು. ತರಕಾರಿಯವರ ಜೊತೆ ಚೌಕಾಸಿ ಮಾಡಿ ಕಲಿತ ಹಿಂದಿಯಲ್ಲಿ ತನ್ನ ಹೊಟ್ಟೆಯುರಿಯನ್ನೆಲ್ಲ ಹೊರಗೆ ಹಾಕಿದಳು. ಮುದ್ದೆಯಲ್ಲದೆ ಬೇರೇನೂ ಮುಟ್ಟದ ಮುದುಕಪ್ಪ. ರಾಜಿಂದರ್ ನಗರದಲ್ಲಿ ಐಎಎಸ್ ಓದುತ್ತ, ಭಾನುವಾರ ಕೊಳೆ ಬಟ್ಟೆ ಹೊತ್ತು ತರುತ್ತಿದ್ದ ಹುಡುಗರು. ಆಮೇಲೆ ಆ ವಿಮಲಾ. ಮಗಳು ಸಿಂಧೂರಳ ಹೃದಯದಲ್ಲಿ ತೂತು. ಡಾಕ್ಟರು ಕರೆದಾಗಲೆಲ್ಲ ಒಬ್ಬಳೇ ಎತ್ತಿಕೊಂಡು ಬರುವಳು. ಮಗುವಿನ ಏದುಸಿರಿಗೆ ಮಿಕ್ಕವರ ನಿದ್ದೆ ಕೆಡಬಾರದೆಂದು ಅಡುಗೆಮನೆಯ ಬಾಗಿಲಿಗೇ ಹಾಸಿಕೊಳ್ಳುವಳು. ಬೆಳಿಗ್ಗೆ ಹಾಲು ಕಾಯಿಸಲು ಹೋದರೆ ಅವಳನ್ನು ದಾಟಿಕೊಂಡೇ ಹೋಗಬೇಕು. ಎಷ್ಟು ಸಲ ಎಡವಿದ್ದೇನೋ, ಎಷ್ಟು ಸಲ ಬೈದಿದ್ದೇನೋ ಎಂದಳು. ಚಂದ್ರಮೋಹನ ಮೇಜಿನ ಕೆಳಗೆ ಅವಳ ಕಾಲು ಒತ್ತುತ್ತಲೇ ಇದ್ದ.

ಅಧಿಕಾರಿ ಮೊಬೈಲು ಕೆಳಗಿಟ್ಟಿದ್ದ.

"ಈಗ ಬರ್ತಾಳಾ ಅವಳು?"

"ಎಲ್ಲಿ ಬರ್ತಾಳೆ ಸಾಬ್? ಬೆಂಗಳೂರಲ್ಲಿ ಇಳಿದು, ಮಗೂನ ಎತ್ಕೊಂಡು ಇನ್ನೊಂದು ಸ್ಟೇಷನ್‌ಗೆ ಹೋಗಿ ಹತ್ತಬೇಕು. ಒಬ್ಬಳೇ ಹೆಂಗಸು."

"ಮಗು ಹೇಗಿದೆ?"

ಬರುವವರು ತಪ್ಪಿದರಲ್ಲ ಎಂದು ದೇವಕಿ ನೆಮ್ಮದಿಪಟ್ಟಿದ್ದಳೇ ಹೊರತು, ವಿಮಲಾ ಯಾಕೆ ಬರಲಿಲ್ಲ, ಮಗು ಏನಾಯಿತು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಕಣ್ಣೀರು ಇಳಿಯಿತು. ಸೆರಗು ಬಾಯಿಗೆ ಹಿಡಿದು ಕುಳಿತಳು.

ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಅಧಿಕಾರಿ ಬಸವಲಿಂಗಪ್ಪನವರನ್ನು ಗದರಿದ. ಮಾತು ಕೊಡಲಾರೆ, ಆದರೆ ಮೇಲಿನವರಿಗೆ ನಾನೇ ಬರೆಯುತ್ತೇನೆ ಎಂದ. ಹೊರಗೆ ಬಂದ ಕೂಡಲೇ ಬಸವಲಿಂಗಪ್ಪನವರು ದೇವಕಿಗೆ ಕೈ ಮುಗಿದರು. ನಮ್ಮ ಭಾಷಣದಿಂದ ಆಗದ್ದು ನಿಮ್ಮ ಕಣ್ಣೀರಿನಿಂದ ಆಯಿತು, ಎಂಥ ಉಪಾಯ ತಾಯೀ ಎಂದರು. ಅಧಿಕಾರಿಗೆ ಚಾಡಿ ಹೇಳಿ ಬಂದವಳಿಗೆ ಈ ಹೊಗಳಿಕೆ ಎಲ್ಲಿಡಬೇಕೋ ತಿಳಿಯಲಿಲ್ಲ.

ಮೆಟ್ರೋದಲ್ಲಿ ಗಂಡ ಕೇಳಿದ:

"ನಿಜ ಹೇಳು ದೇವಕಿ, ನೀನು ರೈಲು ಬೇಕು ಅಂದ್ಯೋ, ಬೇಡ ಅಂದ್ಯೋ?"

"ನಂಗೂ ಅದೇ ಗೊತ್ತಾಗ್ತಿಲ್ಲ ರೀ."

ಮರುದಿನ ಕಬಾಡಿ ಭಯ್ಯಾ ಬಂದ. ದೇವಕಿ ಅಟ್ಟದಿಂದ ಹಾಸಿಗೆಗಳನ್ನು ಒಂದೊಂದಾಗಿ ಇಳಿಸಿಕೊಟ್ಟಳು. ಒಂದು ಪೀಡೆ ಕಳೆಯಿತು ಎಂದು ಬಾಯಿಬಿಟ್ಟೇ ಅಂದಳು. ಬಾಲ್ಕನಿಯ ಬಿಸಿಲಿಗೆ ಹಾಕಿದ್ದ ಚಿಕ್ಕ ಹಾಸಿಗೆಗೂ ಅವನು ಕೈಹಾಕಿದಾಗ ಮಾತ್ರ ಅಡ್ಡ ನಿಂತಳು. ಅದು ಅಡುಗೆಮನೆಯ ಬಾಗಿಲಿಗೆ ಸರಿಯಾಗಿ ಕೂರುವಷ್ಟೇ ಅಗಲವಿತ್ತು. ಅವನು ಹೋದ ಮೇಲೆ ದೇವಕಿ ವಿಮಲಾಳ ನಂಬರ್ ಒತ್ತಿ, ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು ಹಾಸಿಗೆಯ ಧೂಳು ಕೊಡವತೊಡಗಿದಳು. ಆ ಕಡೆ ರಿಂಗಾಗುತ್ತಲೇ ಇತ್ತು.