ತೋಳಿನಲ್ಲಿ ಜೋತ ದಾರ

ಡಾಕ್ಟರ್ ಹಿಡಿದ ಕನ್ನಡಿಯಲ್ಲಿ ದರ್ಜಿ ತನ್ನ ಹೊಸ ಹಲ್ಲುಗಳನ್ನು ನೋಡಲೇ ಇಲ್ಲ. ಕನ್ನಡಿ ಹಿಡಿದ ಕೈಯ ಕೋಟಿನ ತೋಳಲ್ಲಿ, ಗುಂಡಿಯ ಕೆಳಗೆ ಜೋತಾಡುತ್ತಿದ್ದ ಬಿಳಿ ದಾರದ ಮೇಲೆಯೇ ಅವನ ಕಣ್ಣು. ನಾಲಿಗೆಯೂ ಸುಮ್ಮನಿರಲಿಲ್ಲ. ನಲವತ್ತು ವರ್ಷ ದಾರ ಕಡಿದೂ ಕಡಿದೂ ಮುಂದಿನ ಹಲ್ಲಿನಲ್ಲಿ ಬಿದ್ದಿದ್ದ ಕಚ್ಚನ್ನು ಅದು ಹುಡುಕಿ ಹುಡುಕಿ ಸೋಲುತ್ತಿತ್ತು.

“ದವಡೆ ಮೂಳೆಗೇ ಸ್ಕ್ರೂ ಕೂರಿಸಿದ್ದೀನಿ, ಜಗ್ಗಲ್ಲ,” ಎಂದರು ಡಾಕ್ಟರ್. “ಆದ್ರೆ ಇನ್ಮೇಲೆ ಹಲ್ಲಲ್ಲಿ ದಾರ ಕಡಿಯೋ ಹಾಗಿಲ್ಲ. ಹಳೇದು ಹಾಳಾಗಿದ್ದೇ ಅದ್ರಿಂದ.”

“ಕಡಿಯಲ್ಲ ಬಿಡಿ ಡಾಕ್ಟ್ರೇ,” ಎಂದ ದರ್ಜಿ. ಆದರೆ ದಾರ ಕಣ್ಣೆದುರೇ ಓಲಾಡುತ್ತಿತ್ತು. ಅವನ ಕಾಲು, ಅಲ್ಲಿಲ್ಲದ ಹೊಲಿಗೆ ಮೆಷಿನ್ನನ್ನು ತುಳಿಯತೊಡಗಿತು. ಕೊನೆಗೆ ತಡೆಯಲಾರದೆ ಕೈ ಚಾಚಿ ದಾರ ಹಿಡಿದೇಬಿಟ್ಟ.

“ಬಾಯಿಗಿಟ್ಟೀರಾ, ಜೋಕೆ!” ಪಕ್ಕದಲ್ಲಿ ನಿಂತಿದ್ದ ಹೆಂಡತಿ ಗದರಿದಳು. ಅವನ ಹಲ್ಲು ಅಲುಗಾಡತೊಡಗಿದ ದಿನದಿಂದ ಅಂಗಡಿಯ ದಾರಗಳನ್ನೆಲ್ಲ ಕಡಿಯುತ್ತಿದ್ದವಳು ಅವಳೇ. ಈಗಲೂ ಅದೇ ಅಭ್ಯಾಸದಲ್ಲಿ ಬಗ್ಗಿ, ಅವನ ಬೆರಳಿನಿಂದ ದಾರ ಕಸಿದು, ತನ್ನ ಮುಂದಿನ ಹಲ್ಲಿನಿಂದ ಕಟಕ್ಕನೆ ಕಡಿದಳು. ಕಡಿದವಳು ಬಾಯಿಗೆ ಅಂಗೈ ಒತ್ತಿಕೊಂಡು, “ಏನಿಲ್ಲ, ಏನಿಲ್ಲ,” ಎಂದು ನಕ್ಕಳು. ಕಡಿದ ಬಿಳಿ ದಾರದ ತುದಿ ಕೆಂಪಾಗಿತ್ತು.

ದರ್ಜಿಯ ನಾಲಿಗೆ ಹುಡುಕುವುದನ್ನು ಬಿಟ್ಟಿತು. ಅವನು ಕುರ್ಚಿಯಿಂದ ಇಳಿದು ಹೆಂಡತಿಯ ರಟ್ಟೆ ಹಿಡಿದ.

“ಕೂತ್ಕೋ,” ಎಂದ.